ರುಚಿ ನೋಡಬಾರದ ಕಾಕ್‌ಟೇಲ್

ಒಂದು ಪಾತ್ರೆ ಹಣ್ಣಿನ ರಸ ಕಲಸುವುದಕ್ಕೆ ರಸಾಯನಶಾಸ್ತ್ರದ ಎಂ.ಎಸ್ಸಿ. ಬೇಕಾಗಿಲ್ಲ. ಆದರೆ ನನ್ನ ಬಳಿ ಅದೊಂದು ಇತ್ತು. ಹೊರಗೆ ಯಾರೂ ಅದನ್ನು ಕೇಳುತ್ತಿರಲಿಲ್ಲವಾದ್ದರಿಂದ ಅಡುಗೆಮನೆಯಲ್ಲಾದರೂ ಬಳಸೋಣವೆಂದು ತೀರ್ಮಾನಿಸಿದೆ. ಈ ತೀರ್ಮಾನದಿಂದ ನಮ್ಮ ಮನೆಯ ಜೀವಂತ ಸದಸ್ಯರಿಗೆ ಆದ ತೊಂದರೆಯನ್ನು ನಮ್ಮ ಬೀದಿಯವರೆಲ್ಲ ಬಲ್ಲರು. ಸತ್ತವರಿಗೆ ಆದ ತೊಂದರೆ ನನಗೂ ಅಜ್ಜಿಗೂ ಮಾತ್ರ ಗೊತ್ತು.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ತಾತ ತೀರಿಕೊಂಡಿದ್ದರು. ನಗರಗೆರೆಯ ಹೊಲವನ್ನು ಗುತ್ತಿಗೆಗೆ ಕೊಟ್ಟು, ಗೌರಿಬಿದನೂರಿನಲ್ಲಿ ರೈಲು ಹಳಿಯ ಹತ್ತಿರವಿರುವ ನಮ್ಮ ಮನೆಗೆ ಅಜ್ಜಿಯ ಜೊತೆ ಬಂದು ಸೇರಿದವರು ಅವರು. ಸಂಜೆ ಹಿಂದೂಪುರದ ಕಡೆಗೆ ಹೋಗುವ ಗಾಡಿ ಕೂಗಿದರೆ ಸಾಕು, "ಗಾಡಿ ಹೋಯ್ತು, ತಟ್ಟೆ ಹಾಕ್ರಮ್ಮ" ಅನ್ನುತ್ತಿದ್ದರು. ರೈಲು ತಡವಾದ ದಿನ ನಮ್ಮ ಮನೆಯ ಊಟವೂ ತಡ. ಅವರು ಹೋದ ಮೇಲೂ ಗಾಡಿ ಕೂಗುತ್ತಲೇ ಇತ್ತು. ತಟ್ಟೆ ಹಾಕಲು ಹೇಳುವವರು ಮಾತ್ರ ಇರಲಿಲ್ಲ. ನಮನಮಗೆ ತೋಚಿದಾಗ ತಿಂದು ಎದ್ದು ಹೋಗುತ್ತಿದ್ದೆವು.

ಅಜ್ಜಿ ಅದನ್ನೂ ಮಾಡುತ್ತಿರಲಿಲ್ಲ. ಹಬೆಯಾಡುವ ಮುದ್ದೆಯನ್ನು ಮುಂದೆ ಇಟ್ಟರೆ ಅಂಚಿನಲ್ಲಿ ಒಂದು ಚೂರು ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿಕೊಂಡು, "ಸಾಕು" ಅನ್ನುತ್ತಿದ್ದರು. ಏನು ಕೇಳಿದರೂ ಅದೊಂದೇ ಮಾತು. ಕುಪ್ಪಸದ ತೋಳು ದಿನೇ ದಿನೇ ಸಡಿಲವಾಗುತ್ತಿತ್ತು. ಕೈಬಳೆ ಇರಲಿಲ್ಲವಾದ್ದರಿಂದ ಮಣಿಕಟ್ಟು ಎಷ್ಟು ಸಣ್ಣಗಾಗಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, "ಕಾಯಿಲೆ ಏನೂ ಇಲ್ಲ, ಹೆಂಗಾದ್ರೂ ಮಾಡಿ ತಿನ್ನಿಸಿ" ಎಂದು ಕಿತ್ತಳೆ ಬಣ್ಣದ ಟಾನಿಕ್ ಬರೆದುಕೊಟ್ಟರು. ಆ ಬಾಟಲಿ ನಡುಮನೆಯಲ್ಲಿ ತಾತನ ಫೋಟೋದ ಪಕ್ಕ ನಿಂತಿತು. ಇಬ್ಬರೂ ಅಜ್ಜಿಯನ್ನು ನೋಡುತ್ತಿದ್ದರು. ಅಜ್ಜಿ ಇಬ್ಬರನ್ನೂ ನೋಡುತ್ತಿರಲಿಲ್ಲ.

"ಹಿಂಗೇ ಆದ್ರೆ ಅವ್ವನೂ ವರ್ಷ ದಾಟಲ್ಲ" ಎಂದು ಅಪ್ಪ ಒಂದು ದಿನ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸದವಳಂತೆ ಕೆಲಸಕ್ಕೆ ಅರ್ಜಿ ಬರೆಯುತ್ತ ಕುಳಿತೆ. ಅದು ನನ್ನ ಸ್ವಭಾವ. ತಾತನನ್ನು ಎತ್ತಿಕೊಂಡು ಹೋದ ದಿನವೂ ನಾನು ಅತ್ತಿರಲಿಲ್ಲ. ಬಂದವರಿಗೆ ಕಾಫಿ ಲೋಟ ಎಣಿಸಿ ಕೊಡುತ್ತಿದ್ದೆ. ಚಿಂತಾಮಣಿಯಿಂದ ಬಂದಿದ್ದ ರತ್ನತ್ತೆ, ಅಂದರೆ ಅಪ್ಪನ ತಂಗಿ, ಅದನ್ನು ಗಮನಿಸಿ ನಾಲ್ಕು ಜನರ ಮುಂದೆ ಅಂದಿದ್ದರು: "ಓದಿದ ಹುಡುಗೀರಪ್ಪ. ಕಣ್ಣೀರೂ ಅಳತೆ ಮಾಡಿ ಬಿಡ್ತಾರೆ!"

ಇರಲಿ. ವಿಷಯ ಕಾಕ್‌ಟೇಲಿನದು.

ವಿಶ್ವವಿದ್ಯಾನಿಲಯದ ಹಾಸ್ಟೆಲ್‌ನಲ್ಲಿ ನಾನು ಪಡೆದ ನಿಜವಾದ ವಿದ್ಯೆ ಅದೊಂದೇ. ಕಪ್ಪು ದ್ರಾಕ್ಷಿ, ಸೀಬೆ, ಮೂಸಂಬಿ, ಅನಾನಸ್, ಸ್ವಲ್ಪ ಶುಂಠಿ, ನಿಂಬೆರಸ, ಬೆಲ್ಲ, ಕರಿ ಉಪ್ಪು, ಕೊನೆಗೆ ಒಂದು ಚಿಟಿಕೆ ಖಾರದ ಪುಡಿ. ಹೆಸರು ಖಾರದ ಹಣ್ಣಿನ ಕಾಕ್‌ಟೇಲ್. ರಜೆಗೆ ಊರಿಗೆ ಬಂದಾಗಲೆಲ್ಲ ತಾತನಿಗೆ ಒಂದು ಲೋಟ ಮಾಡಿಕೊಡುತ್ತಿದ್ದೆ. ಅವರು ಲೋಟ ಹಿಡಿದು, "ಗಾಳಿಗೆ ಕೂತು ಕುಡೀತೀನಿ ಕಣಮ್ಮ" ಎಂದು ಹಿತ್ತಿಲಿಗೆ ಹೋಗುತ್ತಿದ್ದರು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಜ್ಜಿ ಕಡಲೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಇರುತ್ತಿದ್ದರು. ಸ್ವಲ್ಪ ಹೊತ್ತಿಗೆ ತಾತ ಖಾಲಿ ಲೋಟ ತಂದುಕೊಟ್ಟು, ಮೀಸೆ ಒರೆಸಿಕೊಂಡು, "ಭೇಷಾಗಿತ್ತು!" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ ಪದ. ಪರೀಕ್ಷೆಯ ಅಂಕಪಟ್ಟಿಗಿಂತ ನಾನು ಅದನ್ನೇ ಹೆಚ್ಚು ನಂಬಿದ್ದೆ.

ಭಾದ್ರಪದದ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಹಿರಿಯರ ಪೂಜೆ. ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಕಳಶದ ಮುಂದೆ ಎಡೆ ಇಟ್ಟು, ಅವರು ನೆಮ್ಮದಿಯಾಗಿ ಊಟ ಮಾಡಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಆಮೇಲೆ ಆ ಎಡೆಯೇ ಮನೆಯವರಿಗೆ ಪ್ರಸಾದ. ತಾತ ಅತಿಥಿಯಾಗಿ ಬರುತ್ತಿದ್ದ ಮೊದಲ ವರ್ಷ ಅದು. ಏನೇನು ಇಡಬೇಕೆಂದು ಹಿಂದಿನ ವಾರವೇ ಸಭೆ ಸೇರಿತು. ರತ್ನತ್ತೆ ಚಿಂತಾಮಣಿಯಿಂದ ಫೋನಿನಲ್ಲಿ ಭಾಗವಹಿಸಿದರು. ನಾಟಿಕೋಳಿ ಸಾರು, ಮುದ್ದೆ, ಉದ್ದಿನ ವಡೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ ಎಂದಾಯಿತು.

"ಕಾಕ್‌ಟೇಲ್ ಕೂಡ" ಅಂದೆ ನಾನು.

ಎಲ್ಲರೂ ನನ್ನತ್ತ ತಿರುಗಿದರು. ನಾನು ಸಭೆಯಲ್ಲಿ ಮಾತಾಡಿದ್ದೇ ಸುದ್ದಿ.

"ಇವಳು ಮಾಡ್ತಿದ್ದ ಆ ದ್ರಾಕ್ಷಿ ನೀರಾ? ಅಪ್ಪಂಗೆ ಇಷ್ಟ ಇತ್ತಲ್ವಾ, ಇಡೋಣ ಬಿಡು" ಅಂದರು ಅಪ್ಪ.

ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದರು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು. ಏನೋ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಟಾನಿಕ್ ಬೇಡ ಅನ್ನಬಹುದು, ಮುದ್ದೆ ಬೇಡ ಅನ್ನಬಹುದು, ಎಡೆಯ ಪ್ರಸಾದವನ್ನು ಬೇಡ ಅನ್ನುವಂತಿಲ್ಲ. ಅದರಲ್ಲೂ ಗಂಡನಿಗೆ ಇಷ್ಟವಾಗಿದ್ದ ಪ್ರಸಾದ! ಒಂದು ಲೋಟ ಹಣ್ಣಿನ ರಸ ಅಜ್ಜಿಯ ಹೊಟ್ಟೆಗೆ ಹೋದರೆ ಬೆಲ್ಲ ಹೋಯಿತು, ನಾಲಿಗೆ ಚುರುಗುಟ್ಟಿತು, ಹಸಿವು ಎದ್ದಿತು. ಹೀಗೆ ಒಂದು ಕ್ರಿಯೆಯಿಂದ ಇನ್ನೊಂದು ಕ್ರಿಯೆ ಹುಟ್ಟುವುದನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ಬರೆದಿದ್ದೆ. ಕಾಗದದ ಮೇಲೆ ಎಂದೂ ತಪ್ಪಿರಲಿಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದಲೇ ಮೋಡ. ಮಳೆ ಬರಲಿಲ್ಲ, ಬಿಸಿಲೂ ಬರಲಿಲ್ಲ. ಮಧ್ಯಾಹ್ನವೇ ಮನೆಯೊಳಗೆ ಕತ್ತಲೆ. ರತ್ನತ್ತೆ ಮತ್ತು ಮಾವ ಮೊದಲ ಬಸ್ಸಿಗೇ ಬಂದಿಳಿದಿದ್ದರು. ಮಾವ ಹೊಸದಾಗಿ ಮೊಬೈಲ್ ಕೊಂಡಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಸಿಗ್ನಲ್ ಸಿಗುತ್ತಿದ್ದುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಹೀಗಾಗಿ ಅವರು ಬಂದ ಹೊತ್ತಿನಿಂದ ಮೆಟ್ಟಿಲ ಮೇಲೇ ಇದ್ದರು. ಅತ್ತೆ ಚೀಲದಿಂದ ಒಂದು ದೊಡ್ಡ ಪೊಟ್ಟಣ ತೆಗೆದು ಅಮ್ಮನ ಕೈಗಿಟ್ಟರು.

"ಖಾರದ ಪುಡಿ ಕಣತ್ತಿಗೆ. ಗುಂಟೂರು ಕಾಯಿ ತರ್ಸಿ, ಮುಂದೆ ನಿಂತು ಮಿಲ್ ಮಾಡ್ಸಿದ್ದೀನಿ. ನಿಮ್ಮ ಬ್ಯಾಡಗಿ ಪುಡೀಲಿ ಬರೀ ಬಣ್ಣ. ನಮ್ಮಪ್ಪ ಬರೋ ದಿನ ಸಪ್ಪೆ ಸಾರು ಇಡಬೇಡಿ."

ಅಮ್ಮನಿಗೆ ಆ ಮಾತು ಚುಚ್ಚಿತು. ಆದರೂ ಹಬ್ಬದ ದಿನವೆಂದು ಸುಮ್ಮನಾಗಿ, ಹಳೆಯ ಡಬ್ಬಿಯ ತಳದಲ್ಲಿದ್ದ ಬ್ಯಾಡಗಿ ಪುಡಿಯನ್ನು ಕೋಳಿ ಸಾರಿಗೆ ಸುರಿದು, ಅದೇ ಡಬ್ಬಿಗೆ ಹೊಸ ಪುಡಿ ತುಂಬಿಟ್ಟರು. ನಾನು ಆಗ ಹಿತ್ತಿಲಲ್ಲಿ ಸೀಬೆಹಣ್ಣು ತೊಳೆಯುತ್ತಿದ್ದೆ. ಡಬ್ಬಿ ಹಳೆಯದು, ಪುಡಿ ಹೊಸದು ಎಂಬ ಸಂಗತಿ ಪ್ರಯೋಗ ಮಾಡುವವಳ ಗಮನಕ್ಕೆ ಬರಲಿಲ್ಲ!

"ಸುಮಾ, ನೆನಪಿರ್ಲಿ" ಎಂದು ಅಮ್ಮ ಬೆರಳು ತೋರಿಸಿ ಎಚ್ಚರಿಸಿದರು. "ಎಡೆ ಅಡುಗೆ. ನಾಲಿಗೆಗೆ ತಾಗಿಸೋ ಹಂಗಿಲ್ಲ. ಬೆರಳು ನೆಕ್ಕೋದೂ ಇಲ್ಲ. ಹಿರಿಯರು ಉಂಡ ಮೇಲೇ ನಾವು."

"ಗೊತ್ತಮ್ಮ. ಲ್ಯಾಬ್‌ನಲ್ಲೂ ಯಾವುದನ್ನೂ ರುಚಿ ನೋಡೋ ಹಂಗಿಲ್ಲ. ನಂಗೆ ಅಭ್ಯಾಸ ಇದೆ."

"ರುಚಿ ನೋಡ್ದೆ ಖಾರ ಹೆಂಗೆ ಗೊತ್ತಾಗತ್ತೆ ನಿಂಗೆ?"

"ಅಳತೆ ಇದೆ."

"ಅಳತೆಯಂತೆ! ಬಣ್ಣ ನೋಡ್ಬೇಕು ಕಣೇ. ಇಷ್ಟು ವರ್ಷ ಎಡೆ ಅಡುಗೆ ನಾವು ಮಾಡಿರೋದು ಹಂಗೇ. ಕೆಂಪಗಿದ್ರೆ ಖಾರ ಇದೆ, ಬೆಳ್ಳಗಿದ್ರೆ ಇಲ್ಲ. ಅಷ್ಟೇ."

ಈ ಬಣ್ಣದ ಸಿದ್ಧಾಂತ ನಮ್ಮ ಮನೆಯ ಹೆಂಗಸರ ತಲೆಮಾರುಗಳ ಸಂಪಾದನೆ. ಸಾರಿನ ವಿಷಯದಲ್ಲಿ ಅದು ಎಂದೂ ಕೈಕೊಟ್ಟಿರಲಿಲ್ಲ. ಆದರೆ ಅದನ್ನು ಯಾರೂ ಕಪ್ಪು ದ್ರಾಕ್ಷಿಯ ಮೇಲೆ ಪರೀಕ್ಷಿಸಿರಲಿಲ್ಲ.

ದ್ರಾಕ್ಷಿಯನ್ನು ಮಿಕ್ಸಿಗೆ ಹಾಕಿ ಗುಂಡಿ ತಿರುಗಿಸಿದೆ. ಅದು ಗುರ್ ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಕರೆಂಟು ಹೋಗಿತ್ತು. ಹಬ್ಬವೆಂದು ಕರೆಂಟಿನವರು ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಪೂಜೆಯ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ ಎಲ್ಲ ಹಣ್ಣನ್ನೂ ದೊಡ್ಡ ಸ್ಟೀಲ್ ಪಾತ್ರೆಗೆ ಹಾಕಿ ಎರಡೂ ಕೈಯಿಂದ ಹಿಸುಕಿದೆ. ಮೊಣಕೈವರೆಗೆ ನೇರಳೆ ಬಣ್ಣವಾಯಿತು. ಸಿಪ್ಪೆ, ಬೀಜ, ರಸ ಎಲ್ಲ ಸೇರಿ ಪಾತ್ರೆಯಲ್ಲಿ ಕೆಸರಿನ ಹೊಂಡದಂಥ ಒಂದು ವಸ್ತು ತಯಾರಾಯಿತು. ಲೋಟಕ್ಕೆ ಚಿಟಿಕೆಯಾದರೆ ಪಾತ್ರೆಗೆ ಎಷ್ಟೆಂದು ಗುಣಿಸಿ, ಅಷ್ಟು ಖಾರದ ಪುಡಿಯನ್ನು ಡಬ್ಬಿಯಿಂದ ಅಳೆದು ಹಾಕಿದೆ. ಕರಿ ಉಪ್ಪನ್ನು ಕೊನೆಯಲ್ಲಿ ಹಾಕುವುದು ನನ್ನ ಪದ್ಧತಿ. ಉಪ್ಪಿನ ಪೊಟ್ಟಣವನ್ನು ಕಿಟಕಿಯ ಹತ್ತಿರ ಇಟ್ಟು, ಕೈ ತೊಳೆಯಲು ಹಿತ್ತಿಲಿಗೆ ಹೋದೆ. ದ್ರಾಕ್ಷಿಯ ಬಣ್ಣ ಬೇಗ ಬಿಡಲಿಲ್ಲ.

ಆ ಅವಧಿಯಲ್ಲಿ ಅಡುಗೆಮನೆಯಲ್ಲಿ ಏನಾಯಿತೆಂಬುದು ನನಗೆ ತಿಳಿದದ್ದು ಆಮೇಲೆ, ವಿಚಾರಣೆಯ ಹಂತದಲ್ಲಿ.

ಮೊದಲು ಅಮ್ಮ ಬಂದರು. ಪಾತ್ರೆಯೊಳಗೆ ಇಣುಕಿದರು. ಕೆಂಪು ಎಂಬುದರ ಸುಳಿವೇ ಇಲ್ಲ. ಪಾಪ, ಹುಡುಗಿ ಖಾರ ಹಾಕುವುದನ್ನೇ ಮರೆತಿದ್ದಾಳೆಂದು ಮರುಗಿ ಒಂದು ಚಮಚ ಹಾಕಿ ತಿರುವಿದರು. ಕೆಂಪಾಗಲಿಲ್ಲ. ಇನ್ನೊಂದು ಹಾಕಿದರು. ವಡೆ ಸೀಯುವ ವಾಸನೆ ಬಂದದ್ದರಿಂದ ಮೂರನೆಯದು ತಪ್ಪಿತು.

ಆಮೇಲೆ ರತ್ನತ್ತೆ ಬಂದರು. ಅವರದು ಕೈ ದೊಡ್ಡದು. ತಂದೆಯ ಮೇಲಿನ ಪ್ರೀತಿಯೂ ದೊಡ್ಡದು. "ಇದೇನು, ಖಾರಾನೇ ಬಿದ್ದಂಗಿಲ್ವಲ್ಲ" ಎಂದುಕೊಂಡು ತಾವೇ ತಂದ ಪುಡಿಯನ್ನು ಹಿಡಿಯಲ್ಲಿ ತೆಗೆದು ಸುರಿದರು. ನೇರಳೆ ಬಣ್ಣ ಅದನ್ನೂ ನುಂಗಿಕೊಂಡು ಏನೂ ಆಗದಂತೆ ಮಲಗಿತು.

ಉಪ್ಪಿನ ವಿಷಯದಲ್ಲಿ ಇಬ್ಬರೂ ಸಭ್ಯರು. ಮಾಡಿದವಳು ಉಪ್ಪು ಹಾಕಿರುತ್ತಾಳೆ, ಇನ್ನೊಬ್ಬರ ಅಡುಗೆಗೆ ಕೈ ಹಾಕಬಾರದೆಂದು ಅದನ್ನು ಮುಟ್ಟಲಿಲ್ಲ!

ಕೊನೆಯ ಆರೋಪಿ ನಾನೇ. ಕೈ ಒರೆಸಿಕೊಂಡು ಬಂದು ಪಾತ್ರೆ ನೋಡಿದೆ. ಕತ್ತಲೆಯಲ್ಲಿ ಅದು ಇನ್ನೂ ಕಪ್ಪಗೆ ಕಂಡಿತು. ಅಮ್ಮನ ಬಣ್ಣದ ಸಿದ್ಧಾಂತ ನೆನಪಾಯಿತು. ವಿಶ್ವವಿದ್ಯಾನಿಲಯದಲ್ಲಿ ಕಲಿತ ಅಳತೆಯ ಮೇಲೆ ನನಗೆ ಜೀವನದಲ್ಲಿ ಮೊದಲ ಸಲ ಅನುಮಾನ ಬಂತು. ಅನುಮಾನ ಬರಬಾರದಿದ್ದ ದಿನ ಅದು. ಇನ್ನೊಂದು ಚಮಚ ಹಾಕಿಬಿಟ್ಟೆ. ಅಷ್ಟರಲ್ಲಿ ಅಪ್ಪ, "ಹೊತ್ತಾಯ್ತು, ಎಡೆ ತನ್ರಮ್ಮ" ಎಂದು ಕೂಗಿದರು. ಕರಿ ಉಪ್ಪಿನ ಪೊಟ್ಟಣ ಕಿಟಕಿಯ ಹತ್ತಿರವೇ ಕುಳಿತು ನಮ್ಮನ್ನು ಬೀಳ್ಕೊಟ್ಟಿತು.

ಬಾಳೆಎಲೆಯ ಮೇಲೆ ಎಲ್ಲವನ್ನೂ ಬಡಿಸಿ, ಪಕ್ಕದಲ್ಲಿ ತಾತನ ಹಿತ್ತಾಳೆ ಲೋಟದ ತುಂಬ ಕಾಕ್‌ಟೇಲ್ ಇಟ್ಟೆವು. ಮೇಲೆ ಒಳ್ಳೆಯ ನೊರೆ ನಿಂತಿತ್ತು. ಅಪ್ಪ ಧೂಪ ಹಾಕಿದರು. ಎಲ್ಲರೂ ಕೈ ಮುಗಿದು ಹೊರಗೆ ಬಂದೆವು. ಬಾಗಿಲು ಮುಂದೆ ಮಾಡಿದೆವು.

ಅಜ್ಜಿ ಹೊಸ್ತಿಲ ಪಕ್ಕ ಕುಳಿತು ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು. ಒಳಗೆ ಇರುವವರು ನಿಧಾನವಾಗಿ ಊಟ ಮಾಡುವವರು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಗೋಡೆಯ ಸುಣ್ಣ ನೋಡುತ್ತ ನಿಂತೆ. ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಬಾಗಿಲು ತೆರೆದಾಗ ರತ್ನತ್ತೆ ಮೊದಲು ನುಗ್ಗಿದರು. "ಅಣ್ಣಾ, ನೋಡು! ಲೋಟ ಇಳಿದೈತೆ! ಅಪ್ಪ ಕುಡಿದವ್ರೆ!"

ಲೋಟದ ಅಂಚಿನಿಂದ ಒಂದು ಬೆರಳಷ್ಟು ಇಳಿದಿತ್ತು. ನೊರೆ ಒಡೆದರೆ ಮಟ್ಟ ಇಳಿಯುತ್ತದೆಂದು ನನ್ನ ರಸಾಯನಶಾಸ್ತ್ರ ಹೇಳಿತು. ನಾನು ಆ ಶಾಸ್ತ್ರವನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿದೆ. ಭೇಷಾಗಿತ್ತು ಎಂಬ ಪದ ಎಲ್ಲಿಂದಾದರೂ ಕೇಳಿಸುತ್ತದೇನೋ ಎಂದು ಕಾದೆ.

ಒಂದು ಎಲೆಯಲ್ಲಿ ಎಲ್ಲದರಲ್ಲೂ ಸ್ವಲ್ಪ ತೆಗೆದು, ಕಾಕ್‌ಟೇಲಿನಲ್ಲಿ ಅದ್ದಿದ ಕಜ್ಜಾಯವನ್ನೂ ಸೇರಿಸಿ, ಅಪ್ಪ ತಾರಸಿಯ ಮೇಲೆ ಕಾಗೆಗೆ ಇಟ್ಟು ಬಂದರು. ಒಳಗೆ ಪ್ರಸಾದ ಹಂಚುವ ಗೌರವ ನನ್ನದು. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರಿಗೂ ಲೋಟ ತುಂಬಿದೆ. ಹಿತ್ತಾಳೆ ಲೋಟದಲ್ಲಿದ್ದುದನ್ನು ನಾನು ಇಟ್ಟುಕೊಂಡೆ. ಅಜ್ಜಿ ತಮಗೆ ಕೊನೆಯಲ್ಲಿ ಸಾಕೆಂದು ಮೂಲೆಯಲ್ಲಿ ಕುಳಿತಿದ್ದರು. ಅವರ ಲೋಟಕ್ಕೆ ಬಂದದ್ದು ಪಾತ್ರೆಯ ತಳದಿಂದ ಸೌಟಿನಲ್ಲಿ ತೋಡಿದ ರಸ. ಖಾರದ ಪುಡಿ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಇದನ್ನು ಅರಿಯಲೂ ಎಂ.ಎಸ್ಸಿ. ಬೇಕಾಗಿಲ್ಲ.

"ಅಪ್ಪಂಗೆ ಪ್ರಾಣ ಇದು. ಎಲ್ರೂ ಒಟ್ಟಿಗೆ ತಗೊಳೋಣ. ಒಂದೇ ಗುಟುಕಿಗೆ" ಅಂದರು ರತ್ನತ್ತೆ.

ಎಲ್ಲರೂ ಒಟ್ಟಿಗೇ ತಗೊಂಡರು.

ಒಂದು ಕ್ಷಣ ಏನೂ ಆಗಲಿಲ್ಲ. ಮಾವ ಮನೆಯ ಅಳಿಯನಿಗೆ ತಕ್ಕ ಗಾಂಭೀರ್ಯದಿಂದ ತಲೆಯನ್ನೂ ಆಡಿಸಿದರು. ಆಮೇಲೆ ಅವರ ಕಿವಿ ಕೆಂಪಾಯಿತು. ಅಮ್ಮನ ಸಿದ್ಧಾಂತದ ಕೆಂಪು ಕೊನೆಗೂ ಕಾಣಿಸಿಕೊಂಡಿತು!

"ಅಮ್ಮೋ... ಮಂಟ! ಮಂಟ!" ಎಂದರು ಮಾವ. ಉರಿ ಹತ್ತಿದಾಗ ಅವರ ಬಾಯಲ್ಲಿ ತೆಲುಗೇ ಬರುವುದು.

ಉಗುಳುವಂತಿಲ್ಲ. ಹಿರಿಯರ ಪ್ರಸಾದ! ಚೆಲ್ಲುವಂತಿಲ್ಲ. ತಾತನ ಫೋಟೋ ಎದುರಿಗೇ ಇದೆ. ಮಾವ ಬಾಯಿ ಮುಚ್ಚಿಕೊಂಡೇ ಜೇಬಿನಿಂದ ಮೊಬೈಲ್ ತೆಗೆದು, ಮೂಗಿನಿಂದ "ಸಿಗ್ನಲ್, ಸಿಗ್ನಲ್" ಅಂದಂತೆ ಏನೋ ಅಂದು, ತಾರಸಿಗೆ ಓಡಿದರು. ಅಲ್ಲಿ ಟ್ಯಾಂಕಿನ ನಲ್ಲಿಗೆ ಬಾಯಿ ಕೊಟ್ಟು ಕುಳಿತರಂತೆ. ಟ್ಯಾಂಕಿನ ಮೇಲೆ ಆಗಲೇ ಒಂದು ಕಾಗೆ ಕೊಕ್ಕು ತೆರೆದು ಕುಳಿತಿತ್ತಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರಂತೆ.

ಕೆಳಗೆ ರತ್ನತ್ತೆ ಎದೆ ಹಿಡಿದುಕೊಂಡು "ಅಪ್ಪಾ... ಅಪ್ಪಾ..." ಅನ್ನುತ್ತಿದ್ದರು. ಕಣ್ಣಲ್ಲಿ ಧಾರೆ. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ತೂಗಾಡುತ್ತಿದ್ದರು. ಅಪ್ಪ ಕಂಬಕ್ಕೆ ಹಣೆ ಒತ್ತಿ ನಿಂತಿದ್ದರು. ತಾತನನ್ನು ಎತ್ತಿಕೊಂಡು ಹೋದ ದಿನವೂ ನಮ್ಮ ಮನೆಯಲ್ಲಿ ಇಷ್ಟು ಕಣ್ಣೀರು ಹರಿದಿರಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಮನೆಯ ಸರೋಜಮ್ಮ ಕಜ್ಜಾಯದ ಆಸೆಯಿಂದ ಒಳಗೆ ಕಾಲಿಟ್ಟರು. ನೋಡಿದರೆ ಮನೆ ತುಂಬ ಅಳು. ಅವರ ಮುಖ ಇಳಿಯಿತು.

"ಅಯ್ಯೋ ದೇವ್ರೇ, ಇಷ್ಟು ತಿಂಗಳಾದ್ರೂ ಎಂಥ ಸಂಕ್ಟ ನೋಡು! ಅತ್ಬಿಡು ರತ್ನಾ, ಅತ್ಬಿಡು. ಒಳಗಿಟ್ಕೋಬೇಡ."

"ಹಾ... ಹಾ... ನೀ... ನೀ..." ಅಂದರು ಅತ್ತೆ. ನೀರು ಕೇಳುತ್ತಿದ್ದರು.

"ಹೂಂ ಕಣಮ್ಮ, ನೀನೇ ಕಣ್ಮಣಿ ಅವ್ರಿಗೆ, ನಂಗೊತ್ತಿಲ್ವಾ?" ಎಂದು ಸರೋಜಮ್ಮ ಅತ್ತೆಯನ್ನು ತಬ್ಬಿಕೊಂಡು ತಾವೂ ಅಳತೊಡಗಿದರು. ತಬ್ಬಿದ್ದು ಬಿಗಿಯಾಗಿತ್ತು. ನೀರಿನ ಕೊಡ ಅತ್ತೆಯ ಕೈಗೆ ಎಟುಕದೇ ಹೋಯಿತು. ಬಾಯಿ ಬಿಡಲಾಗದ ಅಪ್ಪ, ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂಬ ಹಳೆಯ ಅಭ್ಯಾಸದಿಂದ, ನನ್ನ ಕೈಯಲ್ಲಿದ್ದ ಪಾತ್ರೆಯಲ್ಲಿ ಕೊನೆಗೆ ಉಳಿದಿದ್ದುದನ್ನು ಒಂದು ಲೋಟಕ್ಕೆ ಬಗ್ಗಿಸಿ ಸರೋಜಮ್ಮನ ಕೈಗೆ ಕೊಟ್ಟರು. ಅವರು ಕಣ್ಣಿಗೆ ಒತ್ತಿಕೊಂಡು ಕುಡಿದರು. ಅಲ್ಲಿಯವರೆಗೆ ಅವರ ದುಃಖದಲ್ಲಿ ಸ್ವಲ್ಪ ಔಪಚಾರಿಕತೆ ಇತ್ತು. ಆಮೇಲೆ ಇರಲಿಲ್ಲ.

ನಾನು ಇನ್ನೂ ಕುಡಿದಿರಲಿಲ್ಲ. ಪಾತ್ರೆ, ಸೌಟು, ತಾತನ ಲೋಟ ಹಿಡಿದು ಮಧ್ಯದಲ್ಲಿ ನಿಂತಿದ್ದೆ. ಆಗ ಮಿಂಚು ಹೊಡೆದಂತೆ ನೆನಪಾಯಿತು: ಅಜ್ಜಿ! ಪಾತ್ರೆಯ ತಳ! ಬರೀ ಹೊಟ್ಟೆ, ಸೊರಗಿದ ಜೀವ! "ವರ್ಷ ದಾಟಲ್ಲ" ಎಂದು ಅಪ್ಪ ಹೇಳಿದ್ದನ್ನು ನಾನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ್ದೆ!

"ಅಜ್ಜಿ, ಬೇಡ! ಕುಡೀಬೇಡಿ!" ಎಂದು ಮೂಲೆಗೆ ಹಾರಿದೆ.

ಅಜ್ಜಿಯ ಕೈಯಲ್ಲಿದ್ದ ಲೋಟ ಖಾಲಿಯಾಗಿತ್ತು. ತಳಕ್ಕೆ ಅಂಟಿದ್ದ ಸಿಪ್ಪೆಯನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. ನಿಧಾನವಾಗಿ ಅಗಿದು, ನುಂಗಿ, ನನ್ನನ್ನು ನೋಡಿದರು.

"ಉಪ್ಪಿಲ್ಲ ಕಣೇ" ಅಂದರು.

ಬೇಸಿಗೆಯಿಂದ ಈಚೆಗೆ 'ಸಾಕು' ಅಲ್ಲದ ಮಾತನ್ನು ಅವರ ಬಾಯಿಂದ ಅಂದೇ ಕೇಳಿದ್ದು. ನಾನು ಪಕ್ಕದಲ್ಲಿ ಕುಸಿದೆ.

"ಖಾರ ಇಲ್ವಾ ಅಜ್ಜಿ?"

"ಐತೆ. ಮುಂಚೆ ನೀನು ಇಷ್ಟು ಹಾಕ್ತಿರ್ಲಿಲ್ಲ. ಈಗ ಸರಿಯಾಗೈತೆ. ಮುಂಚೆ ಸ್ವಲ್ಪ ಸಪ್ಪೆ."

"ಮುಂಚೆ ನೀವೆಲ್ಲಿ ಕುಡಿದಿದ್ರಿ? ಅದು ತಾತಂಗೆ ಅಲ್ವಾ ಮಾಡ್ತಿದ್ದಿದ್ದು?"

ಗುಟ್ಟು ಬಿಡಲೇ ಬೇಡವೇ ಎಂದು ಕೇಳುವವರಂತೆ ಅಜ್ಜಿ ತಾತನ ಫೋಟೋದ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಅವ್ರು ಅದನ್ನ ಒಂದು ದಿನಾನೂ ಬಾಯಿಗೆ ಇಟ್ಟೋರಲ್ಲ ಕಣೇ. ದ್ರಾಕ್ಷಿ ಹುಳಿಗೆ ಅವ್ರಿಗೆ ಹಲ್ಲು ಜುಮ್ಮನ್ನೋದು. ಲೋಟ ತಂದು ಕಲ್ಲಿನ ಮೇಲೆ ಇಟ್ಟು, 'ಬೇಗ ಕುಡ್ದುಬಿಡೇ, ಮಗೂಗೆ ಬೇಜಾರಾಗತ್ತೆ' ಅನ್ನೋರು. ನಾನು ಕುಡೀತಿದ್ದೆ. ಅವ್ರು ಮೀಸೆ ಒರೆಸ್ಕೊಂಡು ಒಳಗೆ ಬರೋರು."

"ಮತ್ತೆ ಭೇಷಾಗಿತ್ತು ಅಂತಿದ್ರಲ್ಲ?"

"ನಾನು ಹಂಗಂತಿದ್ದೆ. ಅದನ್ನೇ ಬಂದು ನಿಂಗೆ ಹೇಳೋರು."

ನಾನು ತಾತನ ಹಿತ್ತಾಳೆ ಲೋಟ ನೋಡಿದೆ. ಸತ್ತ ಮೇಲೆ ಮೊದಲ ಸಲ ಮನೆಗೆ ಬಂದವರು. ಕೋಳಿ ಸಾರು, ಕಜ್ಜಾಯ, ಬೀಡಿ ಎಲ್ಲ ನೋಡಿ ಸಂತೋಷದಿಂದ ಕುಳಿತಿರುತ್ತಾರೆ. ಪಕ್ಕದಲ್ಲಿ ಅದೇ ಹುಳಿ ನೀರು! ಅದೂ ಗುಂಟೂರಿನ ಸಮೇತ! ಲೋಟ ಸಾಗಿಸಲು ಹಿತ್ತಿಲೂ ಇಲ್ಲ, ಹೆಂಡತಿಯೂ ಇಲ್ಲ. ಅಜ್ಜಿ ಬಾಗಿಲ ಹೊರಗೆ. ಒಬ್ಬರೇ ಮೀಸೆ ಒರೆಸಿಕೊಂಡು ಎಷ್ಟು ಹೊತ್ತು ಕುಳಿತಿದ್ದರೋ!

"ಸಭೆಯಲ್ಲೇ ಹೇಳ್ಬಾರ್ದಿತ್ತಾ ಅಜ್ಜಿ?"

"ಹೇಳೋಣ ಅಂದ್ಕೊಂಡೆ. ಆಮೇಲೆ..." ಎಂದು ಅಜ್ಜಿ ಲೋಟವನ್ನು ತಿರುಗಿಸಿದರು. "ಹೇಳಿದ್ರೆ ನೀನು ಮಾಡ್ತಿರ್ಲಿಲ್ವಲ್ಲ."

ನಾನು ತಾತನ ಪಾಲನ್ನು ಎತ್ತಿ ಒಂದೇ ಗುಟುಕಿಗೆ ಕುಡಿದೆ. ಅದು ಗಂಟಲಿಗೆ ಇಳಿಯುವ ಮೊದಲೇ ನನ್ನ ಕಣ್ಣು ತುಂಬಿತ್ತು. ಆದರೆ ಈ ವ್ಯತ್ಯಾಸವನ್ನು ಯಾರಿಗೂ ರುಜುವಾತು ಮಾಡಿ ತೋರಿಸಲಾಗದು. ಬೇಸಿಗೆಯಿಂದ ಕಟ್ಟಿಕೊಂಡಿದ್ದುದೆಲ್ಲ ಒಮ್ಮೆಗೇ ಬಂತು. ಬಿಕ್ಕಳಿಸಿ ಬಿಕ್ಕಳಿಸಿ ಅತ್ತುಬಿಟ್ಟೆ. ರತ್ನತ್ತೆ ಅಷ್ಟು ಹೊತ್ತಿಗೆ ಸರೋಜಮ್ಮನಿಂದ ಬಿಡಿಸಿಕೊಂಡು, ಒಂದು ಚೊಂಬು ನೀರು ಕುಡಿದು, ಮಾತು ಬಂದವರಾಗಿದ್ದರು.

"ನೋಡ್ರೇ, ಅವಳಿಗೂ ಹತ್ತಿತು!" ಅಂದರು ಮೂಗು ಒರೆಸಿಕೊಳ್ಳುತ್ತ. "ನಮ್ಮಪ್ಪ ಹೋದಾಗ ಬರದ ಕಣ್ಣೀರು, ನೋಡು, ಚಿಂತಾಮಣಿ ಖಾರದ ಪುಡಿಗೆ ಬಂತು!"

ನಾನು ಹೌದೆಂದು ತಲೆಯಾಡಿಸಿದೆ. ವಿವರಣೆ ಕೊಡುವುದು ನನ್ನ ಸ್ವಭಾವವಲ್ಲ. ಅಜ್ಜಿ ಮಾತ್ರ ತಮ್ಮ ಒರಟು ಅಂಗೈಯಿಂದ ನನ್ನ ಬೆನ್ನು ಸವರಿದರು.

ದೂರದಲ್ಲಿ ಹಿಂದೂಪುರದ ಗಾಡಿ ಕೂಗಿತು. ಬಾಯಿ ಉರಿಯುತ್ತಿದ್ದ ಯಾರಿಗೂ ಅದು ಕೇಳಿಸಿರಲಾರದು. ಅಜ್ಜಿ ಅದು ಪೂರ್ತಿ ದಾಟಿ ಹೋಗುವವರೆಗೆ ಕಿವಿಗೊಟ್ಟು, ಆಮೇಲೆ ಅಂದರು:

"ಇದು ಬರೀ ಹೊಟ್ಟೇಲಿ ಆಗಲ್ಲ. ಒಂದು ಮುದ್ದೆ ಹಾಕ್ಕೊಂಡು ಬಾ."

ಅಮ್ಮ ಸೆರಗಿನಿಂದ ಮುಖ ಹೊರಗೆ ತೆಗೆದರು. ಅಪ್ಪ ಕಂಬದಿಂದ ಹಣೆ ಎತ್ತಿದರು. ಮಾತಾಡಿದರೆ ಅಜ್ಜಿ ಎಲ್ಲಿ 'ಸಾಕು' ಎಂದುಬಿಡುತ್ತಾರೋ ಎಂಬ ಭಯ. ನಾನು ತಟ್ಟೆ ತಂದಿಟ್ಟೆ. ಅಜ್ಜಿ ಮುದ್ದೆ ಮುರಿದರು. ಅಂಚಿನ ಚೂರಲ್ಲ, ನಡುವಿನಿಂದ. ಅರ್ಧ ಮುದ್ದೆ ಮುಗಿದ ಮೇಲೆ ಸಾರು ಕೇಳಿದರು. ನಮ್ಮ ಮನೆಯಲ್ಲಿ ಆ ಸಂಜೆ ಸರಿಯಾಗಿ ಊಟ ಮಾಡಿದವರು ಅವರೊಬ್ಬರೇ. ಉಳಿದವರು ಮಜ್ಜಿಗೆಯ ಪಾತ್ರೆಯ ಸುತ್ತ ಕುಳಿತಿದ್ದೆವು.

ಕೈ ತೊಳೆಯಲು ಹಿತ್ತಿಲಿಗೆ ಕರೆದುಕೊಂಡು ಹೋದಾಗ ಅಜ್ಜಿ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತರು.

"ಮುಂದಿನ ವರ್ಷ ಅವ್ರಿಗೆ ಬೆಲ್ಲದ ಪಾನಕ ಇಡು. ಅದಂದ್ರೆ ಇಷ್ಟ ಅವ್ರಿಗೆ" ಅಂದರು.

"ಆಯ್ತಜ್ಜಿ."

"ಇದನ್ನ ಬಿಡಬೇಡ. ನನ್ನ ಎಡೆಗೆ ಇಡು. ಈಗ್ಲೇ ಅಂತಲ್ಲ. ಯಾವತ್ತಾದ್ರೂ."

ಚೊಂಬಿನಿಂದ ಅವರ ಕೈಗೆ ನೀರು ಹಾಕುತ್ತ ನಿಂತೆ. ನನ್ನ ಕೈ ಇನ್ನೂ ನೇರಳೆಯಾಗಿಯೇ ಇತ್ತು.

"ಖಾರ ಇಷ್ಟೇ ಇರ್ಲಿ. ಉಪ್ಪು ಮಾತ್ರ ರುಚಿ ನೋಡಿ ಹಾಕು, ಆಯ್ತಾ?"

"ಆಯ್ತಜ್ಜಿ" ಅಂದೆ. ಎಡೆಯ ಅಡುಗೆಯನ್ನು ರುಚಿ ನೋಡುವಂತಿಲ್ಲ ಎಂದು ನೆನಪಾದದ್ದು ಆಮೇಲೆ. ಆ ಒಂದು ಲೋಟದ ಉಪ್ಪು ಸರಿಯಾಯಿತೋ ಇಲ್ಲವೋ ಎಂದು ನನಗೆ ಬಂದು ಹೇಳುವವರು ಯಾರೂ ಇರುವುದಿಲ್ಲ. ಆಗ ಅಜ್ಜಿ, ತಾತ ಇಬ್ಬರೂ ಬಾಗಿಲ ಆಚೆ ಇರುತ್ತಾರೆ. ಒಬ್ಬರು ಕುಡಿಯುತ್ತಾರೆ; ಇನ್ನೊಬ್ಬರು ಮೀಸೆ ಒರೆಸಿಕೊಳ್ಳುತ್ತಾರೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಹೊರಗೆ ನಿಂತು ಗೋಡೆಯ ಸುಣ್ಣ ನೋಡುತ್ತಿರುತ್ತದೆ!